ನೂರರವರೆಗೆ ಬರುತ್ತದೆ, ಐದು ಬರುವುದಿಲ್ಲ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಪುಟ್ಟ ಮಕ್ಕಳಿಗೆ ಎಣಿಕೆ ಕಲಿಸುವ ಆಟಿಕೆಗಳ ಬಗ್ಗೆ ಒಂದಿಷ್ಟು ಹೊತ್ತು ಮಾತಾಡಿ ಅಂತ ಕಾರ್ಯದರ್ಶಿಗಳು ಫೋನ್ ಮಾಡಿದಾಗ ನಾನು ಮೊದಲು ಆಗುವುದಿಲ್ಲ ಅಂದೆ. ನಾನು ಶಿಕ್ಷಕಿಯಲ್ಲ. ಓದಿದ್ದು ಎಂ.ಟೆಕ್., ಮಾಡುವುದು ಇಲ್ಲೇ ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. "ನಿಮ್ಮ ಮನೆಯಲ್ಲಿ ಚೆನ್ನೆಮಣೆ ಇದೆಯಂತಲ್ಲ, ಅದನ್ನು ಹಿಡಿದುಕೊಂಡು ಬನ್ನಿ, ಸಾಕು" ಅಂದರು. ತಂದಿದ್ದೇನೆ. ಈ ಮೇಜಿನ ಮೇಲಿದೆ. ಪಕ್ಕದಲ್ಲಿ ಒಂದು ಮಣಿಸರ, ನಾಲ್ಕು ಕವಡೆ, ಒಂದು ಡಬ್ಬ ಹುಣಸೆ ಬೀಜ. ಆದರೆ ಇವು ನಮ್ಮ ಮನೆಗೆ ಹೇಗೆ ಬಂದವು ಅನ್ನುವುದನ್ನು ಹೇಳಿದರೆ ಮಾತ್ರ ಮುಂದಿನ ಮಾತಿಗೆ ಅರ್ಥ. ಅದರಲ್ಲಿ ನನಗೆ ಹೆಮ್ಮೆಪಡುವಂಥದ್ದು ಹೆಚ್ಚೇನೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ.

ನನ್ನ ಮಗಳಿಗೆ ಆಗ ನಾಲ್ಕು ವರ್ಷ ತುಂಬುತ್ತಾ ಬಂದಿತ್ತು. ಇಂಗ್ಲಿಷಿನಲ್ಲಿ ಒನ್, ಟೂ ಅಂತ ಶುರುಮಾಡಿದರೆ ಹಂಡ್ರೆಡ್ ಬರುವವರೆಗೆ ನಿಲ್ಲಿಸುತ್ತಿರಲಿಲ್ಲ. ನಾನು ಅದರ ವಿಡಿಯೋ ಮಾಡಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಮೂವತ್ತು ಚಪ್ಪಾಳೆ ಬಂದವು. ಎಣಿಸಿದ್ದೆ.

ಅದೇ ವಾರ ಮನೆಗೆ ಊಟಕ್ಕೆ ನೆಂಟರು ಬಂದಿದ್ದರು. "ಪುಟ್ಟಿ, ಐದು ಚಮಚ ತಾ" ಅಂದೆ. ಅವಳು ಡ್ರಾಯರಿಗೆ ಕೈಹಾಕಿ ಮುಷ್ಟಿ ತುಂಬ ಹಿಡಿದುಕೊಂಡು ಬಂದಳು. ಎಂಟೋ ಒಂಬತ್ತೋ ಇದ್ದವು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಐದು ಚಮಚ ಸಾಲಾಗಿ ಇಟ್ಟು "ಎಣಿಸು" ಅಂದೆ. ಬೆರಳು ಒಂದು ಲಯದಲ್ಲಿ ಓಡಿತು, ಬಾಯಿ ಇನ್ನೊಂದು ಲಯದಲ್ಲಿ. ಐದನೆಯ ಚಮಚಕ್ಕೆ ಬರುವಷ್ಟರಲ್ಲಿ ಬಾಯಿ ಸೆವೆನ್ ದಾಟಿತ್ತು. ಕೈಹಿಡಿದು ನಿಧಾನವಾಗಿ ಎಣಿಸಿದೆವು. ಫೈವ್ ಬಂತು. "ಹಾಗಾದರೆ ಒಟ್ಟು ಎಷ್ಟು?" ಅಂತ ಕೇಳಿದೆ. ಮತ್ತೆ ಒನ್, ಟೂ ಅಂತ ಮೊದಲಿನಿಂದ ಶುರು. ಮತ್ತೆ ಕೇಳಿದೆ, ಮತ್ತೆ ಮೊದಲಿನಿಂದ. ನಾಲ್ಕನೆಯ ಸಲ ನಾನು ಕೂಗಿದೆ. ಹೊರಗೆ ಕೂತಿದ್ದ ನೆಂಟರ ಮಾತು ನಿಂತುಹೋಯಿತು.

ಮರುದಿನದಿಂದ ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಲೆಕ್ಕದ ವೇಳೆ. ವರ್ಕ್‌ಶೀಟು, ಫ್ಲ್ಯಾಶ್ ಕಾರ್ಡು, ಗುಂಡಿ ಒತ್ತಿದರೆ ಅಂಕಿ ಹೇಳುವ ಒಂದು ಬ್ಯಾಟರಿ ಹಲಗೆ. ಎರಡು ವಾರದಲ್ಲಿ ಮಗು ಆರೂಮುಕ್ಕಾಲಿಗೆ "ಹೊಟ್ಟೆ ನೋವು" ಅನ್ನಲು ಕಲಿಯಿತು. ಮೊದಲು ನಾಟಕ ಅಂದುಕೊಂಡೆ. ಆಮೇಲೆ ಒಂದು ದಿನ ನಿಜವಾಗಿ ವಾಂತಿಯಾಯಿತು.

ಆಗ ಅವಳು ಹೋಗುತ್ತಿದ್ದ ಪ್ಲೇಸ್ಕೂಲಿನಲ್ಲಿ ನಮ್ಮನ್ನು ಕರೆಸಿದರು. "ನಂಬರ್ ಕಾನ್ಸೆಪ್ಟ್ ವೀಕ್ ಇದೆ. ಮನೆಯಲ್ಲಿ ಎರಡು ಭಾಷೆ ಇರುವುದರಿಂದ ಮಗುವಿಗೆ ಗೊಂದಲ. ಸ್ವಲ್ಪ ಕಾಲ ಇಂಗ್ಲಿಷ್ ಮಾತ್ರ ಮಾತಾಡಿ ನೋಡಿ" ಅಂದರು. ಹೇಳಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಪ್ರಶ್ನೆ ಕೇಳಬೇಕಾಗಿದ್ದ ನಾನು, ಆಫೀಸಿನಲ್ಲಿ ಯಾರಾದರೂ ಒಂದು ಸಾಲು ಕೋಡ್ ಬದಲಾಯಿಸಿದರೂ "ಯಾಕೆ? ಆಧಾರ ಏನು?" ಅಂತ ಕೇಳುವವಳು, ಅಲ್ಲಿ ತಲೆ ಅಲ್ಲಾಡಿಸಿಕೊಂಡು ಬಂದೆ. ಎರಡು ತಿಂಗಳು ನಮ್ಮ ಮನೆಯಲ್ಲಿ ಮಗುವಿನ ಜೊತೆ ಕನ್ನಡ ನಿಂತಿತು. ಮಕ್ಕಳು ಎರಡು ಭಾಷೆ ಕೇಳಿ ಬೆಳೆದರೆ ಗೊಂದಲವಾಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ ಅಂತ ಆಮೇಲೆ ಓದಿ ತಿಳಿದೆ.

ಪುತ್ತೂರಿನಲ್ಲಿರುವ ನಮ್ಮ ಅತ್ತೆ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ. ಮಗಳು "ಹಲೋ ಅಜ್ಜಿ, ಐ ಆಮ್ ಫೈನ್" ಅಂತ ಹೇಳಿ ಫೋನ್ ನನ್ನ ಕೈಗೆ ಕೊಡಲು ಶುರುಮಾಡಿದಳು. ಒಂದು ಭಾನುವಾರ ಅತ್ತೆ ಕೇಳಿದರು: "ಪುಟ್ಟಿ ಈಗ ನನ್ನ ಹತ್ರ ಮಾತಾಡುದಿಲ್ಲ. ಏನಾದ್ರೂ ಬೇಜಾರುಂಟಾ ಅವಳಿಗೆ?" ನನಗೆ ಉತ್ತರ ಹೊಳೆಯಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಅಂತ ಹೇಳಿ ಫೋನ್ ಇಟ್ಟೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಕೂತು ಓದಿದೆ. ಮಕ್ಕಳ ಎಣಿಕೆಯ ಬಗ್ಗೆ ಯಾರು ಏನು ಕಂಡುಕೊಂಡಿದ್ದಾರೆ ಅಂತ ಹುಡುಕಿದೆ. 1990ರಲ್ಲಿ ಕರೆನ್ ವಿನ್ ಅನ್ನುವ ಮನಶ್ಶಾಸ್ತ್ರಜ್ಞೆ ಪ್ರಕಟಿಸಿದ ಅಧ್ಯಯನವೊಂದು ಸಿಕ್ಕಿತು. ಅವರು ಮಕ್ಕಳ ಮುಂದೆ ಆಟಿಕೆಗಳ ರಾಶಿ ಇಟ್ಟು "ನನಗೆ ಎರಡು ಕೊಡು, ನನಗೆ ಐದು ಕೊಡು" ಅಂತ ಕೇಳಿದ್ದರು. ನನ್ನ ಚಮಚದ ಪರೀಕ್ಷೆಯೇ! ಹತ್ತರವರೆಗೆ ಸರಾಗವಾಗಿ ಹೇಳುವ ಮಗು ಐದು ಕೇಳಿದರೆ ಮುಷ್ಟಿ ತುಂಬ ತೆಗೆದು ಕೊಡುತ್ತದೆ. ಮಗುವಿಗೆ ಮೊದಲು 'ಒಂದು' ಅಂದರೆ ಏನೆಂದು ತಿಳಿಯುತ್ತದೆ. ಎಷ್ಟೋ ತಿಂಗಳ ಮೇಲೆ 'ಎರಡು'. ಮತ್ತೆ ತಿಂಗಳುಗಳ ಮೇಲೆ 'ಮೂರು'. ಅದಾದ ಮೇಲೆ ಒಂದು ದಿನ, ಎಣಿಸುವಾಗ ಕೊನೆಗೆ ಹೇಳಿದ ಮಾತೇ ಒಟ್ಟು ಎಷ್ಟು ಅನ್ನುವುದಕ್ಕೆ ಉತ್ತರ ಅನ್ನುವುದು ತಲೆಗೆ ಹೋಗುತ್ತದೆ. ಸಾಮಾನ್ಯವಾಗಿ ಎರಡೂವರೆಯಿಂದ ನಾಲ್ಕು ವರ್ಷದೊಳಗೆ ಇದೆಲ್ಲ ನಡೆಯುತ್ತದೆ, ಕೆಲವು ಮಕ್ಕಳಿಗೆ ಇನ್ನೂ ಸ್ವಲ್ಪ ತಡವಾಗಿ. ನನ್ನ ಮಗಳು ಮೂರರ ಮೆಟ್ಟಿಲಿನಲ್ಲಿ ನಿಂತಿದ್ದಳು. ನಾನು ಅದನ್ನು ಕಾಯಿಲೆ ಅಂದುಕೊಂಡಿದ್ದೆ.

ಅದಕ್ಕೂ ಮೊದಲೇ, 1978ರಲ್ಲಿ, ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಅನ್ನುವ ಇಬ್ಬರು, ಎಣಿಸುವುದೆಂದರೆ ಒಂದೇ ಕೆಲಸವಲ್ಲ ಅಂತ ಬಿಡಿಸಿ ತೋರಿಸಿದ್ದರು. ಒಂದು ವಸ್ತುವಿಗೆ ಒಂದೇ ಹೆಸರು. ಹೆಸರುಗಳು ಯಾವಾಗಲೂ ಅದೇ ಕ್ರಮದಲ್ಲಿ. ಕೊನೆಯ ಹೆಸರೇ ಮೊತ್ತ. ಚಮಚವಾದರೂ ಒಂದೇ, ಚಪ್ಪಾಳೆಯಾದರೂ ಒಂದೇ. ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಅಷ್ಟೇ. ನಾವು ವಿಡಿಯೋ ಮಾಡಿ ಹಂಚುವ "ನೂರರವರೆಗೆ ಬರುತ್ತದೆ" ಇದೆಯಲ್ಲ, ಅದರಲ್ಲಿ ಇರುವುದು ಎರಡನೆಯದು ಮಾತ್ರ. ಉಳಿದ ನಾಲ್ಕೂ ಬಾಯಿಯಿಂದ ಬರುವಂಥದ್ದಲ್ಲ. ಕೈಯಲ್ಲಿ ಏನಾದರೂ ಇರಬೇಕು.

ಆ ವರ್ಷ ಆಟಿ ತಿಂಗಳಲ್ಲಿ ಅತ್ತೆಯನ್ನು ಕರೆಸಿಕೊಂಡೆವು. ತುಳುನಾಡಿನ ಕಡೆಯವರಿಗೆ ಆಟಿ ಗೊತ್ತು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಜಡಿಮಳೆ, ಹೊರಗೆ ಕೆಲಸವಿಲ್ಲ. ಅಟ್ಟದಿಂದ ಚೆನ್ನೆಮಣೆ ಕೆಳಗಿಳಿಯುವ ಕಾಲ. ಅತ್ತೆ ಬಟ್ಟೆಯ ನಡುವೆ ಸುತ್ತಿ ಅದನ್ನು ರೈಲಿನಲ್ಲಿ ತಂದರು. "ಅಲ್ಲಿ ಅಟ್ಟದಲ್ಲಿ ಧೂಳು ತಿನ್ನುದಕ್ಕಿಂತ ಇಲ್ಲಿ ಇರ್ಲಿ" ಅಂದರು. ಅವರು ಬಂದ ದಿನವೇ ನಮ್ಮ ಇಂಗ್ಲಿಷ್ ನಿಯಮ ಸತ್ತಿತು. ನಾನಾಗಿ ಕೈಬಿಟ್ಟದ್ದಲ್ಲ. ಅವರ ಎದುರು ಅದನ್ನು ಪಾಲಿಸಲು ಮುಖವಿರಲಿಲ್ಲ, ಅಷ್ಟೆ.

ಚೆನ್ನೆಮಣೆ ನೋಡದವರಿಗಾಗಿ ಇದನ್ನು ಎತ್ತಿ ತೋರಿಸುತ್ತೇನೆ. ಒಂದೇ ಮರದ ತುಂಡಿನಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ನಮ್ಮ ಶಿವಮೊಗ್ಗದ ಕಡೆ ಅಳಿಗುಳಿಮಣೆ ಅನ್ನುತ್ತೇವೆ. ಚೆನ್ನೈನಿಂದ ಆನ್‌ಲೈನಿನಲ್ಲಿ ಸೇರಿರುವ ಗೆಳತಿಯರು ಅಲ್ಲಿ ಪಲ್ಲಾಂಗುಳಿ ಅಂತ ಕೇಳಿರುತ್ತೀರಿ. ಅತ್ತೆಯ ಆಟದಲ್ಲಿ ಒಂದೊಂದು ಗುಳಿಗೆ ನಾಲ್ಕು ಬೀಜ, ಹದಿನಾಲ್ಕು ಗುಳಿಗೆ ಐವತ್ತಾರು. ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವುದು. ಕೈ ಬರಿದಾದಾಗ ಮುಂದಿನ ಗುಳಿಯಿಂದ ಎತ್ತಿ ಮತ್ತೆ ಹಾಕುವುದು. ಮುಂದಿನ ಗುಳಿ ಖಾಲಿ ಸಿಕ್ಕರೆ ಅದರಾಚೆಯ ಗುಳಿಯಲ್ಲಿ ಇರುವುದೆಲ್ಲ ನಿಮ್ಮದು.

ಈಗ ಎಂಜಿನಿಯರ್ ಕಣ್ಣಿನಿಂದ ನೋಡಿ. ಒಂದು ಗುಳಿಗೆ ಒಂದೇ ಬೀಜ. ಮಗುವಿನ ಬೆರಳು ಮತ್ತು ಬಾಯಿ ಒಟ್ಟಿಗೆ ಓಡಲು ಏನು ಬೇಕೋ ಅದು ಆಟದ ನಿಯಮದಲ್ಲೇ ಇದೆ. ಪುಟ್ಟಿ ಅವಸರದಲ್ಲಿ ಒಂದು ಗುಳಿಗೆ ಎರಡು ಬೀಜ ಬೀಳಿಸಿದಳು. ಅತ್ತೆ ಏನೂ ಹೇಳಲಿಲ್ಲ. ನಾನಾಗಿದ್ದರೆ ತಕ್ಷಣ ಕೈಹಿಡಿದು ತಿದ್ದುತ್ತಿದ್ದೆ. ನಾಲ್ಕು ಬೀಜ ಎತ್ತಿದವಳ ಕೈ ಮೂರನೆಯ ಗುಳಿಗೇ ಖಾಲಿಯಾಯಿತು. ಅವಳೇ ನೋಡಿಕೊಂಡು "ಅಜ್ಜಿ, ಒಂದು ಕಮ್ಮಿ ಆಯ್ತು" ಅಂದಳು. "ಹಾಗಾದ್ರೆ ಎಲ್ಲಿಯೋ ಎರಡು ಬಿದ್ದುಂಟು. ನೋಡು" ಅಂದರು ಅತ್ತೆ. ತಪ್ಪನ್ನು ಆಟಿಕೆಯೇ ತೋರಿಸಿಕೊಟ್ಟಿತು. ಬೈಯುವವರು ಬೇಕಾಗಲಿಲ್ಲ.

ಇದೇ ಉಪಾಯ ಮಾರಿಯಾ ಮಾಂಟೆಸೊರಿಯವರ ಸಾಮಗ್ರಿಗಳಲ್ಲೂ ಇದೆ. 1907ರಲ್ಲಿ ರೋಮಿನ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆ ಶುರುಮಾಡಿದ ಅವರು 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧದ ವರ್ಷಗಳನ್ನು ಭಾರತದಲ್ಲೇ ಕಳೆದು, ಇಲ್ಲಿನ ಶಿಕ್ಷಕರಿಗೆ ತರಬೇತಿ ಕೊಟ್ಟರು. ಅವರ ಕದಿರು ಪೆಟ್ಟಿಗೆಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಖಾನೆಗಳು, ಒಟ್ಟು ನಲವತ್ತೈದು ಮರದ ಕಡ್ಡಿಗಳು. ಒಂದರ ಖಾನೆಗೆ ಒಂದು, ಎರಡರ ಖಾನೆಗೆ ಎರಡು. ಎಲ್ಲಿಯಾದರೂ ತಪ್ಪಿದರೆ ಕೊನೆಯ ಖಾನೆಗೆ ಬಂದಾಗ ಕಡ್ಡಿ ಸಾಲದೆ ಹೋಗುತ್ತದೆ, ಇಲ್ಲವೇ ಕೈಯಲ್ಲಿ ಉಳಿಯುತ್ತದೆ. ಸೊನ್ನೆಯ ಖಾನೆ ಖಾಲಿ. ಸೊನ್ನೆ ಎಂದರೇನು ಅಂತ ನಾವು ಎಷ್ಟು ವಿವರಿಸಿದರೂ ಆಗದ್ದನ್ನು ಆ ಖಾಲಿ ಖಾನೆ ಮಾಡುತ್ತದೆ. ಚೆನ್ನೆಮಣೆಯ ಖಾಲಿ ಗುಳಿಯೂ ಅಷ್ಟೇ. ಅದು ಗೆಲುವು ತರುವ ಗುಳಿಯಾದ್ದರಿಂದ ಮಕ್ಕಳಿಗೆ ಸೊನ್ನೆಯ ಮೇಲೆ ಪ್ರೀತಿಯೂ ಹುಟ್ಟುತ್ತದೆ!

ನಮ್ಮ ಮಹಾರಾಷ್ಟ್ರದ ಒಂದು ವಿಷಯವನ್ನೂ ಇಲ್ಲಿ ನೆನೆಯಬೇಕು. ತಾರಾಬಾಯಿ ಮೋಡಕ್ ಅವರು 1945ರಲ್ಲಿ ಬೋರ್ಡಿಯಲ್ಲಿ, ಆಮೇಲೆ ಅನುತಾಯಿ ವಾಘ್ ಅವರ ಜೊತೆ ಕೋಸಬಾಡದಲ್ಲಿ, ಹಳ್ಳಿಯ ಮತ್ತು ಆದಿವಾಸಿ ಮಕ್ಕಳಿಗಾಗಿ ಬಾಲವಾಡಿ ನಡೆಸಿದರು. ದುಬಾರಿ ಸಾಮಗ್ರಿ ಕೊಳ್ಳಲು ಆಗದ ಕಡೆ ಅವರು ಮಾಂಟೆಸೊರಿಯ ವಿಚಾರವನ್ನು ಚಿಪ್ಪು, ಬೀಜ, ಕಲ್ಲು, ಎಲೆಗಳಿಗೆ ಇಳಿಸಿದರು. ಹಾಗಾಗಿ "ಒಳ್ಳೆಯ ಆಟಿಕೆ ತರಲು ಎಷ್ಟು ಖರ್ಚಾಗುತ್ತದೆ?" ಅಂತ ಯಾರಾದರೂ ನನ್ನನ್ನು ಕೇಳಿದರೆ, ಈ ಹುಣಸೆ ಬೀಜದ ಡಬ್ಬ ತೋರಿಸುತ್ತೇನೆ. ಸಾರು ಮಾಡಿ ಉಳಿದದ್ದು.

ಹಾಗಂತ ಅಂಗಡಿಯ ಆಟಿಕೆ ಎಲ್ಲ ಕೆಟ್ಟದ್ದು ಅನ್ನುತ್ತಿಲ್ಲ. ನನ್ನ ಅನುಭವ ಇಷ್ಟು. ಗುಂಡಿ ಒತ್ತಿದರೆ "ಫೈವ್!" ಅನ್ನುವ ಆ ಬ್ಯಾಟರಿ ಹಲಗೆ ಎಣಿಸುವ ಕೆಲಸವನ್ನು ತಾನೇ ಮಾಡಿಬಿಡುತ್ತದೆ, ಮಗುವಿಗೆ ಉಳಿಯುವುದು ಗುಂಡಿ ಒತ್ತುವ ಕೆಲಸ. ಎಣಿಸಲೆಂದೇ ತಂದ ಬಣ್ಣದ ಪ್ಲಾಸ್ಟಿಕ್ ಕರಡಿಗಳದ್ದು ಇನ್ನೊಂದು ಕಥೆ. ಎಷ್ಟು ಕರಡಿ ಅಂತ ಕೇಳಿದರೆ "ಅಪ್ಪ ಕರಡಿ ಆಫೀಸಿಗೆ ಹೋಗಿದೆ, ಪಾಪು ಕರಡಿಗೆ ಜ್ವರ" ಅಂತ ಉತ್ತರ. ಅದು ಒಳ್ಳೆಯ ಆಟವೇ, ಎಣಿಕೆ ಮಾತ್ರ ಅಲ್ಲ. ವಸ್ತು ತಾನೇ ತುಂಬ ಚೆಂದವಾಗಿದ್ದರೆ ಮಗು ಅದನ್ನು ಎಣಿಕೆಯ ಗುರುತಾಗಿ ನೋಡುವುದು ಕಷ್ಟ ಅಂತ ಸಂಶೋಧಕರೂ ಹೇಳುತ್ತಾರೆ. ಹುಣಸೆ ಬೀಜಕ್ಕೆ ಅಪ್ಪ ಅಮ್ಮ ಇಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಉಂಗುರಗಳು, ಇಲ್ಲಿ ನಮ್ಮ ಸಾವಂತವಾಡಿಯ ಮರದ ಆಟಿಕೆಗಳು ನನಗೆ ಇಷ್ಟ. ಕೈಗೆ ಒಳ್ಳೆಯ ತೂಕ ಸಿಗುತ್ತದೆ, ಸದ್ದು ಮಾಡುವುದಿಲ್ಲ. ಇನ್ನು ನಾಲ್ಕು ವರ್ಷದ ಮಗುವನ್ನು ಅಬಾಕಸ್ ಕ್ಲಾಸಿಗೆ ಸೇರಿಸಲಾ ಅಂತ ಕೇಳುವವರಿಗೆ ನನ್ನ ಉತ್ತರ, ಇನ್ನೆರಡು ವರ್ಷ ಬಿಡಿ.

ಸುರಕ್ಷತೆಯ ಬಗ್ಗೆ ಎರಡು ಮಾತು, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಮೂರು ವರ್ಷದೊಳಗಿನ ಮಕ್ಕಳಿಗೆ ಬೀಜ, ಮಣಿ, ಕವಡೆ ಬೇಡ. ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತಾರೆ. ಅವರಿಗೆ ದೊಡ್ಡ ವಸ್ತುಗಳೇ ಸರಿ, ಲೋಟ, ಬಟ್ಟಲು, ಚಮಚ. ದೊಡ್ಡ ಮಕ್ಕಳು ಆಡುವಾಗಲೂ ಪಕ್ಕದಲ್ಲಿ ಯಾರಾದರೂ ಇರಬೇಕು. ಎರಡನೆಯದು, ಚೆನ್ನೆಮಣೆಗೆ ನಾವು ಬಳಸುವ ಈ ಪೂರ್ತಿ ಕೆಂಪಗಿರುವ ಬೀಜ ಮಂಜೊಟ್ಟಿ. ಕೆಂಪಿನ ಮೇಲೆ ಕಪ್ಪು ಚುಕ್ಕೆ ಇರುವ ಪುಟ್ಟ ಗುಲಗಂಜಿ ಬೇರೆ. ಗುಲಗಂಜಿ ಅಗಿದು ನುಂಗಿದರೆ ವಿಷ. ನೋಡಲು ಮುದ್ದಾಗಿದೆ ಅಂತ ಅದನ್ನು ಮಕ್ಕಳ ಕೈಗೆ ಕೊಡಬೇಡಿ, ಮನೆಯಲ್ಲಿದ್ದರೆ ತೆಗೆದುಬಿಡಿ. ಬ್ಯಾಟರಿ ಆಟಿಕೆ ಇರುವವರು ಅದರೊಳಗಿನ ಗುಂಡಿ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ನುಂಗಿದರೆ ಅದೂ ಪ್ರಾಣಕ್ಕೆ ಅಪಾಯ.

ಕವಡೆಗೆ ಬರುತ್ತೇನೆ. ಚೌಕಾಬಾರ ನಿಮ್ಮಲ್ಲಿ ಬಹಳ ಜನ ಆಡಿದ್ದೀರಿ. ಐದೈದರ ಇಪ್ಪತ್ತೈದು ಮನೆ, ನಾಲ್ಕು ಕವಡೆ. ಎಷ್ಟು ಕವಡೆ ಅಂಗಾತ ಬಿದ್ದವೋ ಅಷ್ಟು ಮನೆ ನಡೆಯಬೇಕು. ಮೂರು ನಾಲ್ಕು ವಸ್ತುಗಳನ್ನು ನಾವು ಎಣಿಸುವುದಿಲ್ಲ, ಕಣ್ಣೇ ನೋಡಿ ಹೇಳಿಬಿಡುತ್ತದೆ. ಕವಡೆ ಆ ಕಣ್ಣನ್ನು ಸಾಣೆ ಹಿಡಿಯುತ್ತದೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು ಮನೆ. ಇಲ್ಲಿ ಪುಟ್ಟಿ ಜಗಳ ತೆಗೆದಳು. "ಒಂದೂ ಕಾಣ್ತಿಲ್ಲ, ಅದು ಸೊನ್ನೆ. ಎಂಟು ಹೇಗೆ?" ಎಂ.ಟೆಕ್. ಮಾಡಿದ ನನ್ನ ಬಳಿ ಉತ್ತರವಿರಲಿಲ್ಲ. ಅತ್ತೆ ಹೇಳಿದರು, "ಏನೂ ಸಿಗದವರಿಗೆ ಜಾಸ್ತಿ ಕೊಡುದು." ಪುಟ್ಟಿಗೆ ಅದು ಸರಿಯೆನಿಸಿತು.

ನಡೆಸುವಾಗ ಆಗುವ ಒಂದು ತಪ್ಪನ್ನು ಹೇಳಲೇಬೇಕು. ಕಾಯಿ ನಿಂತಿರುವ ಮನೆಯನ್ನೇ 'ಒಂದು' ಅಂತ ಎಣಿಸಿಬಿಡುವುದು. ಎಲ್ಲ ಮಕ್ಕಳೂ ಮಾಡುತ್ತಾರೆ. ನಮ್ಮ ಆಫೀಸಿನಲ್ಲಿ ಇದಕ್ಕೆ ಆಫ್ ಬೈ ಒನ್ ಅಂತ ಹೆಸರು. ಹತ್ತು ಹನ್ನೆರಡು ವರ್ಷ ಕೋಡ್ ಬರೆದವರೂ ಇದೇ ತಪ್ಪು ಮಾಡಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುತ್ತಾರೆ. ಅವರಿಗೆ ನಾನು ಎಂದೂ ಕೂಗಿಲ್ಲ. ಮಗುವಿಗೆ ಕೂಗಿದ್ದೆ.

ಮನೆಗಳನ್ನು ದಾಟುವ ಇಂಥ ಆಟಗಳ ಬಗ್ಗೆ ಒಂದು ಒಳ್ಳೆಯ ಅಧ್ಯಯನವಿದೆ. ಅಮೆರಿಕದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳ ಜೊತೆ, ಸಾಲಾಗಿ ಒಂದರಿಂದ ಹತ್ತು ಬರೆದ ಮನೆಗಳ ಹಲಗೆ ಆಟವನ್ನು ಎರಡು ವಾರದಲ್ಲಿ ನಾಲ್ಕು ಸಲ, ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ ಆಡಿಸಿದರು. ಇನ್ನೊಂದು ಗುಂಪಿಗೆ ಅಂಕಿಯ ಬದಲು ಬಣ್ಣ ಇರುವ ಅದೇ ಆಟ. ಅಂಕಿಯ ಆಟ ಆಡಿದ ಮಕ್ಕಳು ಎಣಿಕೆಯಲ್ಲಿ, ಯಾವುದು ದೊಡ್ಡದು ಅಂತ ಹೇಳುವುದರಲ್ಲಿ ಮುಂದೆ ಬಂದರು, ಬಣ್ಣದ ಆಟದವರು ಬರಲಿಲ್ಲ. 2008ರಲ್ಲಿ ಪ್ರಕಟವಾಯಿತು. ಒಟ್ಟು ಸೇರಿಸಿದರೆ ಸುಮಾರು ಒಂದು ಗಂಟೆ ಆಟ! ಅದರಲ್ಲಿ ಒಂದು ಸೂಕ್ಷ್ಮವಿದೆ. ಕಾಯಿ ಐದರ ಮನೆಯಲ್ಲಿದ್ದು ಎರಡು ಬಿದ್ದರೆ, "ಒಂದು, ಎರಡು" ಅಂತ ನಡೆಸಬಾರದು. "ಆರು, ಏಳು" ಅಂತ ಮನೆಯ ಹೆಸರು ಹೇಳುತ್ತಾ ನಡೆಸಬೇಕು. ಹಾವು ಏಣಿ ಆಡುವಾಗ ಇವತ್ತೇ ಪ್ರಯತ್ನಿಸಿ ನೋಡಿ.

ಈ ಮಣಿಸರ ನಾನು ಮಾಡಿದ್ದು. ದೆಹಲಿಯ ಜೋಡೊ ಜ್ಞಾನ್ ಸಂಸ್ಥೆಯವರು ಗಣಿತಮಾಲೆ ಅಂತ ಬಳಸುತ್ತಾರೆ. ನೂರು ಮಣಿ, ಹತ್ತು ಕೆಂಪು, ಹತ್ತು ಬಿಳಿ, ಮತ್ತೆ ಹತ್ತು ಕೆಂಪು. ತುಳಶಿಬಾಗ್‌ನಲ್ಲಿ ಮಣಿ ಕೊಂಡು ಗಟ್ಟಿ ದಾರದಲ್ಲಿ ಪೋಣಿಸಿದೆ. ಅಂಗಡಿಯಾತ ಯಾವ ದೇವರಿಗೆ ಅಂತ ಕೇಳಿದ. ಗೋಡೆಗೆ ಉದ್ದವಾಗಿ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ ಸಿಕ್ಕಿಸುವುದು ಆಟ. "ಇಪ್ಪತ್ತಮೂರಕ್ಕೆ ಕ್ಲಿಪ್ ಹಾಕು."

ಮೊದಮೊದಲು ನಾನು ಟ್ವೆಂಟಿ ತ್ರೀ ಅಂತಲೇ ಕೇಳುತ್ತಿದ್ದೆ. ಪುಟ್ಟಿ ಒಂದರಿಂದ ಶುರುಮಾಡಿ ಇಪ್ಪತ್ತಮೂರೂ ಮಣಿ ಎಣಿಸುತ್ತಿದ್ದಳು. ಥರ್ಟೀನ್ ಅಂದರೂ ಥರ್ಟಿ ಅಂದರೂ ಅವಳಿಗೆ ಒಂದೇ. ಒಂದು ಮಧ್ಯಾಹ್ನ ಅತ್ತೆ ಮಾಲೆಯ ಹತ್ತಿರ ನಿಂತು ಒಂದು ಕೆಂಪು ಗೊಂಚಲು ಹಿಡಿದು "ಇದು ಹತ್ತು" ಅಂದರು. ಬಿಳಿ ಗೊಂಚಲು ಸೇರಿಸಿ "ಇದು ಇಪ್ಪತ್ತು". ಮತ್ತೆ ಕೆಂಪು, "ಇದು ಮೂವತ್ತು". ಹಾಗೇ ಹೇಳುತ್ತಾ ಹೋದಾಗ ನನಗೇ ಮೊದಲ ಸಲ ಕಿವಿ ತೆರೆಯಿತು. ಮೂವತ್ತು, ಮೂರು ಹತ್ತು. ಐವತ್ತು, ಐದು ಹತ್ತು. ಅರವತ್ತು, ಆರು ಹತ್ತು. ಹೆಸರಿನಲ್ಲೇ ಲೆಕ್ಕ ಇದೆ! ಇಪ್ಪತ್ತಮೂರು ಅಂದರೆ ಎರಡು ಗೊಂಚಲು, ಮೇಲೆ ಮೂರು ಮಣಿ. ತೊಂಬತ್ತು ಮಾತ್ರ ಸ್ವಲ್ಪ ತಂಟೆ ಮಾಡುತ್ತದೆ, ಉಳಿದವು ಮಾಲೆಯಂತೆಯೇ ನಡೆಯುತ್ತವೆ. ತೆಲುಗು, ತಮಿಳಿನಲ್ಲೂ ಬಹುಪಾಲು ಹೀಗೆಯೇ, ಹೈದರಾಬಾದ್ ಚೆನ್ನೈನವರು ಮಕ್ಕಳ ಗೆಳೆಯರನ್ನು ಕೇಳಿ ನೋಡಿ.

ಮರಾಠಿಯಲ್ಲಿ ಎರಡು ಬಾವೀಸ್‌ನಲ್ಲಿ 'ಬಾ' ಆಗಿದ್ದು, ಬತ್ತೀಸ್‌ನಲ್ಲಿ 'ಬತ್' ಆಗಿ, ಬೇಚಾಳೀಸ್‌ನಲ್ಲಿ 'ಬೇ' ಆಗುತ್ತದೆ. ಬಿಡಿ ಅಂಕಿ ಮೊದಲು, ಹತ್ತು ಆಮೇಲೆ. 2019ರಲ್ಲಿ ಇಲ್ಲಿನ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ ಬಾವೀಸ್ ಬದಲು 'ವೀಸ್ ದೋನ್' ಅನ್ನುವ ಕ್ರಮ ತಂದಾಗ ಎಷ್ಟು ಚರ್ಚೆ ನಡೆಯಿತು ಅಂತ ನಿಮಗೆ ನೆನಪಿರಬಹುದು. ಮಕ್ಕಳಿಗೆ ಸುಲಭವಾಗಲಿ ಅನ್ನುವುದು ಅದರ ಉದ್ದೇಶ. ಭಾಷೆ ಕೆಡುತ್ತದೆ ಅನ್ನುವುದು ಎದುರಾಳಿಗಳ ನೋವು. ಎರಡೂ ಅರ್ಥವಾಗುತ್ತದೆ. ನಮ್ಮ ಪಕ್ಕದ ಮನೆಯ ಕಾಕು ಬಾವೀಸ್ ಅಂತಲೇ ಎಣಿಸುತ್ತಾರೆ, ತರಕಾರಿ ಲೆಕ್ಕದಲ್ಲಿ ಅವರನ್ನು ಯಾರೂ ಮೋಸ ಮಾಡಲು ಆಗುವುದಿಲ್ಲ. ನಾನು ಹೇಳುವುದು ಇಷ್ಟೇ. ಅವರು ಪುಸ್ತಕ ಬದಲಾಯಿಸಿ ತರಲು ನೋಡಿದ ಸೌಕರ್ಯ ನಮ್ಮ ಮನೆಮಾತಿನಲ್ಲಿ ಮೊದಲಿನಿಂದ ಇತ್ತು. ನಾನು ಅದನ್ನೇ ಎರಡು ತಿಂಗಳು ಮಗುವಿನ ಕಿವಿಯಿಂದ ದೂರ ಇಟ್ಟಿದ್ದೆ. 1995ರಲ್ಲಿ ಚೀನಾ ಮತ್ತು ಅಮೆರಿಕದ ಮಕ್ಕಳನ್ನು ಹೋಲಿಸಿದ ಅಧ್ಯಯನವೊಂದರಲ್ಲಿ, ಹತ್ತರವರೆಗಿನ ಎಣಿಕೆಯಲ್ಲಿ ಅವರಿಗೆ ವ್ಯತ್ಯಾಸ ಕಾಣಲಿಲ್ಲ, ಹನ್ನೊಂದರಿಂದ ಮುಂದೆ ಕಂಡಿತು. ಚೀನೀ ಭಾಷೆಯಲ್ಲಿ ಹನ್ನೊಂದಕ್ಕೆ 'ಹತ್ತು ಒಂದು' ಅನ್ನುತ್ತಾರೆ. ಓದಿದಾಗ ನನಗೆ ಅತ್ತೆ ಗೊಂಚಲು ಹಿಡಿದು ನಿಂತಿದ್ದು ಕಣ್ಣಿಗೆ ಬಂತು.

ಅತ್ತೆ ಊರಿಗೆ ಹೊರಡುವ ಹಿಂದಿನ ಸಂಜೆಯದ್ದು ಹೇಳಿ ಮುಗಿಸುತ್ತೇನೆ. ಚೆನ್ನೆಯಲ್ಲಿ ಆಟ ಮುಗಿದ ಮೇಲೆ ಗೆದ್ದ ಬೀಜಗಳನ್ನು ಅವರವರ ಸಾಲಿನ ಗುಳಿಗಳಿಗೆ ನಾಲ್ಕು ನಾಲ್ಕಾಗಿ ತುಂಬುತ್ತಾರೆ. ನಾನು ಲ್ಯಾಪ್‌ಟಾಪ್ ಹಿಡಿದು ಸೋಫಾದಲ್ಲಿದ್ದೆ, ಮೀಟಿಂಗ್ ನಡೆಯುತ್ತಿತ್ತು. ಪುಟ್ಟಿಯ ಏಳೂ ಗುಳಿ ತುಂಬಿ ಮೂರು ಬೀಜ ಕೈಯಲ್ಲಿ ಉಳಿಯಿತು. ಅಜ್ಜಿಗೆ ಆರು ಗುಳಿ ತುಂಬಿತು, ಏಳನೆಯದರಲ್ಲಿ ಒಂದೇ ಒಂದು. ಪುಟ್ಟಿ ಸ್ವಲ್ಪ ಹೊತ್ತು ಎರಡೂ ಸಾಲು ನೋಡಿದಳು. ಬೆರಳು ಮಡಚಲಿಲ್ಲ, ತುಟಿ ಅಲುಗಲಿಲ್ಲ. "ಅಜ್ಜಿ, ನನ್ನ ಮೂರು ತಗೋ. ಆಗ ನಿಂದೂ ತುಂಬ್ತದೆ" ಅಂದಳು. ಪುತ್ತೂರಿನ ರಾಗದಲ್ಲಿಯೇ ಅಂದಳು.

ಮೀಟಿಂಗಿನಲ್ಲಿ ಯಾರೋ ನನ್ನ ಹೆಸರು ಕರೆಯುತ್ತಿದ್ದರು. ಮ್ಯೂಟ್ ತೆಗೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಪುಟ್ಟಿಗೆ ಈಗ ಏಳು ವರ್ಷ. ಮಗ್ಗಿ ಕಂಡರೆ ಆಗುವುದಿಲ್ಲ. ಕೂಡುವ ಲೆಕ್ಕವನ್ನು ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಬರೆದು ಮನಸ್ಸಿನಲ್ಲಿ ಕನ್ನಡದಲ್ಲಿ ಮಾಡುತ್ತಾಳೆ. ಹೊಟ್ಟೆ ನೋವು ಮತ್ತೆ ಬಂದಿಲ್ಲ. ಏಳು ಗಂಟೆಯ ಲೆಕ್ಕದ ವೇಳೆ ಈಗ ನಮ್ಮ ಮನೆಯಲ್ಲಿ ಇಲ್ಲ. ಚಪಾತಿ ಎಷ್ಟು ಬೇಕು, ಒಬ್ಬರಿಗೆ ಎರಡಾದರೆ ಹಿಟ್ಟಿನ ಉಂಡೆ ಎಷ್ಟು ಅನ್ನುವುದು ಅವಳ ಜವಾಬ್ದಾರಿ.

ಅವಳು ಇವತ್ತು ಅಜ್ಜಿಯ ಜೊತೆ ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ. ಚಹಾ ಆದ ಮೇಲೆ ಇಬ್ಬಿಬ್ಬರಾಗಿ ಬನ್ನಿ, ಆಡಿ ನೋಡಿ. ಅಕ್ಕ ತಂಗಿಯರು ಮಾತ್ರ ಎದುರುಬದುರು ಕೂರಬೇಡಿ. ಸಿರಿಯ ಮೊಮ್ಮಕ್ಕಳು ಅಬ್ಬಗ ದಾರಗ ಚೆನ್ನೆ ಆಡುತ್ತಾ ಜಗಳವಾಡಿ ಪ್ರಾಣ ಕಳೆದುಕೊಂಡ ಕಥೆ ತುಳುನಾಡಿನಲ್ಲಿ ಇದೆ. ನೀವು ಕೂತರೆ ಅತ್ತೆ ನನ್ನನ್ನು ಬೈಯುತ್ತಾರೆ. ಇನ್ನೊಂದು, ಬೀಜ ಐವತ್ತಾರಿದೆ. ಮಣೆ ಎತ್ತಿಡುವ ಮೊದಲು ಪುಟ್ಟಿ ಎಣಿಸಿಯೇ ತೆಗೆದುಕೊಳ್ಳುತ್ತಾಳೆ, ಒಂದು ಕಮ್ಮಿಯಾದರೂ ಯಾರನ್ನೂ ಹೊರಗೆ ಬಿಡುವುದಿಲ್ಲ.